ಮೂರೂವರೆಗೆ ಮುಗಿದ ಕೆಲಸ

೩ ಮಾರ್ಚ್, ಸೋಮವಾರ

ರಿಗ್ಗನ್ನು ಬಿಚ್ಚಿ ಕಂಪನಿಯ ಅಂಗಳದ ಬೇಲಿಯ ಪಕ್ಕ ಮಲಗಿಸಿದ್ದಾರೆ. ಮೂವತ್ತೆರಡು ಮೀಟರಿನ ಗೋಪುರ. ಮಲಗಿದಾಗ ಅಷ್ಟು ಉದ್ದ ಕಾಣುವುದಿಲ್ಲ. ಇಪ್ಪತ್ತಾರು ವರ್ಷ ಪೈಪು ಎತ್ತಿ ಇಳಿಸುವ ಅದರ ಬ್ರೇಕಿನ ಹಿಡಿ ನನ್ನ ಕೈಯಲ್ಲಿತ್ತು.

ಇನ್ನು ಮೇಲೆ ಎಣ್ಣೆ ಬಾವಿಯೊಳಗಿನ ವಿದ್ಯುತ್ ಪಂಪು ಕೆಟ್ಟರೆ ಗೋಪುರ ನಿಲ್ಲಿಸುವುದಿಲ್ಲ, ಎರಡು ಕಿಲೋಮೀಟರು ಪೈಪನ್ನು ತುಂಡು ತುಂಡಾಗಿ ಮೇಲೆತ್ತುವುದಿಲ್ಲ. ಪೈಪು ಇದ್ದಲ್ಲೇ ಇರುತ್ತದೆ. ಅದರೊಳಗೆ ಉಕ್ಕಿನ ತಂತಿ ಇಳಿಸಿ, ಕೆಟ್ಟ ಪಂಪನ್ನು ಕೊಕ್ಕೆಗೆ ಸಿಕ್ಕಿಸಿ ಸೇದಿಕೊಳ್ಳುತ್ತಾರೆ. ಅದೇ ದಾರಿಯಲ್ಲಿ ಹೊಸದನ್ನು ಇಳಿಸುತ್ತಾರೆ. ಒಂದು ಲಾರಿ, ಒಂದು ಕ್ರೇನು, ನಾಲ್ಕು ಜನ. ನಮಗೆ ಒಂಬತ್ತು ದಿನ ಹಿಡಿಯುತ್ತಿದ್ದ ಕೆಲಸಕ್ಕೆ ಅವರಿಗೆ ಒಂದು ದಿನ ಸಾಕು.

ಹಳೆಯ ಬಾವಿಗಳ ಗುಣ ಬಲ್ಲವನೊಬ್ಬ ಬೇಕೆಂದು ನನ್ನನ್ನು ಆ ತಂಡಕ್ಕೆ ಹಾಕಿದ್ದಾರೆ. ತಂತಿ ಸುತ್ತುವ ವಿಂಚು ಓಡಿಸುವವನು ಹಗ್ಗ. ಸಣಕಲಾಗಿ ಉದ್ದಕ್ಕಿರುವುದರಿಂದ ಆ ಹೆಸರು. ಮೊದಲು ನನ್ನ ರಿಗ್ಗಿನಲ್ಲೇ ಇದ್ದ.

"ಮೇಸ್ತ್ರಿ, ಇಲ್ಲಿ ಕೂಗಾಡೋ ಹಾಗಿಲ್ಲ," ಅಂದ. "ಕಂಪ್ಯೂಟರು ಮುನಿಸ್ಕೊಳ್ಳುತ್ತೆ."

"ನಾನ್ಯಾವಾಗ ಕೂಗಾಡ್ದೆ?"

"ಆ ಗೋಪುರಾನ ಒಂದ್ಸಲ ಬಡಿದು ನೋಡಿ. ಇಪ್ಪತ್ತಾರು ವರ್ಷದ ಬೈಗುಳ ಉದುರುತ್ತೆ."

ಮೊದಲು ಯಾವ ಬಾವಿ ಎಂದು ನಾಳೆ ಹೇಳುತ್ತಾರೆ.

೪ ಮಾರ್ಚ್, ಮಂಗಳವಾರ

ಹದಿನೇಳನೆಯ ಬಾವಿ.

೬ ಮಾರ್ಚ್, ಗುರುವಾರ

ಮೊನ್ನೆ ಒಂದೇ ಸಾಲು ಬರೆದೆ, ನಿನ್ನೆ ಅದೂ ಆಗಲಿಲ್ಲ. ಈಗ ಕ್ರಮವಾಗಿ ಬರೆಯುತ್ತೇನೆ.

ಹದಿನೇಳರ ಮೇಲೆ ರಿಗ್ಗು ಕೊನೆಯ ಸಲ ನಿಂತದ್ದು ಕಳೆದ ವರ್ಷ ಜನವರಿಯಲ್ಲಿ. ಹಳೆಯ ಪೈಪೆಲ್ಲ ತೆಗೆದು, ಮುಂದೆ ರಿಗ್ಗೇ ಬೇಡವಾಗುವಂಥ ಅಗಲದ ಪೈಪು ಇಳಿಸುವ ಕೆಲಸ. ಪಂಪು ಆ ಪೈಪಿನ ತುದಿಯಲ್ಲಿ ಕೂತು ಅದರ ಜೊತೆಗೇ ಇಳಿಯುತ್ತಿತ್ತು. ನನ್ನ ತಮ್ಮ ಗೋಪುರದ ಮೇಲಿನ ಹಲಗೆಯಲ್ಲಿದ್ದ. ಎರಡು ಪೈಪು ಸೇರಿಸಿದರೆ ನಮ್ಮ ಲೆಕ್ಕದಲ್ಲಿ ಒಂದು ಜೋಡಿ. ಪ್ರತಿ ಜೋಡಿಯ ಬಾಯಿಗೆ ಮೇಲಿರುವವನು ಒಂದು ಕಬ್ಬಿಣದ ದಿಂಡು ಬಿಡಬೇಕು. ಅದು ಎಲ್ಲೂ ತಡೆಯದೆ ಕೆಳಗೆ ಬಂದರೆ ಪೈಪು ನೆಟ್ಟಗಿದೆ ಎಂದರ್ಥ. ಬಿಲದಿಂದ ಓಡಿಬರುವ ಹಾಗೆ ಹೊರಬೀಳುವುದರಿಂದ ಅದನ್ನು ಮೊಲ ಎನ್ನುತ್ತೇವೆ.

ನಲವತ್ತು ಜೋಡಿ ಬಾಕಿ ಇರುವಾಗ, ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ, ಒಂದು ಜೋಡಿ ಗಾಳಿಗೆ ತೂಗಾಡಿ ಗೋಪುರಕ್ಕೆ ಬಡಿಯಿತು. ತಮ್ಮ ಸೊಂಟದ ಪಟ್ಟಿ ಹರಿದು ಕೆಳಗೆ ಬಿದ್ದ. ಸಂಜೆ ಐದು ಇಪ್ಪತ್ತಕ್ಕೆ ಆಸ್ಪತ್ರೆಯಲ್ಲಿ ತೀರಿಕೊಂಡ. ಪಟ್ಟಿ ಸವೆದಿತ್ತು, ಕೆಲಸದಲ್ಲಿದ್ದ ಯಾರ ತಪ್ಪೂ ಅಲ್ಲ ಎಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಬಾಯಿ ತೆರೆದ ಬಾವಿಯನ್ನು ಬಿಟ್ಟು ಹೋಗುವ ಹಾಗಿಲ್ಲ. ನಲವತ್ತು ಜೋಡಿಯನ್ನೂ ಇಳಿಸಿ ಬಾವಿ ಮುಚ್ಚಿದಾಗ ಸಂಜೆ ಆರು ಹತ್ತು ಎಂದು ದಾಖಲಿಸಲಾಗಿದೆ. ಎಲ್ಲ ಜೋಡಿಗಳಿಗೂ ಮೊಲ ಬಿಡಲಾಗಿದೆ ಎಂದೂ ದಾಖಲಿಸಲಾಗಿದೆ.

ತಂಡದ ಮುಖ್ಯಸ್ಥೆ ಒಬ್ಬ ಇಂಜಿನಿಯರ್. ಮೂವತ್ತು ದಾಟಿರಲಾರದು. ಆ ದಾಖಲೆ ಪುಸ್ತಕವನ್ನು ಮೇಜಿನ ಮೇಲೆ ಬಿಡಿಸಿಟ್ಟುಕೊಂಡಿದ್ದಳು.

"ಇದು ನಿಮ್ಮ ಅಕ್ಷರಾನಾ ಸರ್? ಮುತ್ತು ಪೋಣಿಸಿದ ಹಾಗಿದೆ."

"ಹೌದು."

"ಎಲ್ಲಾ ಪೈಪಿಗೂ ಮೊಲ ಹೋಗಿದೆ ಅಂತ ಬರೆದಿದೀರಿ. ಹಾಗಾದ್ರೆ ದಾರಿ ಸರಿಯಿದೆಯಾ ಅಂತ ನೋಡೋಕೆ ನಾನು ಪಂಪಿನಷ್ಟು ಉದ್ದದ ಅಳತೆ ದಿಂಡು ಇಳಿಸಲ್ಲ. ಗಿಡ್ಡದೊಂದು ಇಳಿಸಿ ನೋಡಿದ್ರೆ ಸಾಕಲ್ವಾ?"

ಸಾಕು ಎಂದೆ.

೭ ಮಾರ್ಚ್, ಶುಕ್ರವಾರ

ಗಿಡ್ಡ ಅಳತೆ ದಿಂಡು ಪಂಪಿನ ತಲೆಯವರೆಗೂ ಇಳಿದು ಮೇಲೆ ಬಂತು. ಎಲ್ಲೂ ತಡೆಯಲಿಲ್ಲ. ಬಾಗಿದ ಪೈಪಿನಲ್ಲಿ ಗಿಡ್ಡದ್ದು ತಿರುಗಿಕೊಂಡು ಹೋಗುತ್ತದೆ. ಉದ್ದದ್ದು ಹೋಗುವುದಿಲ್ಲ. ಪಂಪು ಹನ್ನೊಂದು ಮೀಟರು ಉದ್ದವಿದೆ.

ಗಾಳಿ ಪಶ್ಚಿಮದಿಂದ. ಬಾವಿಯ ಬಾಯಲ್ಲಿ ಒತ್ತಡ ಸರಿಯಾಗಿದೆ.

೯ ಮಾರ್ಚ್, ಭಾನುವಾರ

ರಜೆ. ಎದ್ದಕೂಡಲೇ ಕಂಪನಿಯ ಅಂಗಳಕ್ಕೆ ಹೋಗಿ ಬರುತ್ತೇನೆಂದು ಹೊರಟೆ. ಹೆಂಡತಿ ಬಾಗಿಲಲ್ಲಿ ತಡೆದಳು.

"ಭಾನುವಾರ ಯಾವ ಬಾವಿ ನಿಮ್ಮನ್ನ ಕರೀತಿದೆ ರೀ? ಒಂದು ವರ್ಷದಿಂದ ನೋಡ್ತಿದೀನಿ. ಅವಳು ಏಳೋ ಮೊದಲು ಹೊರಡೋದು, ಅವಳು ಊಟ ಮುಗಿಸಿದ ಮೇಲೆ ಬರೋದು. ನಮ್ಮನೇಲಿರೋದು ನಿಮ್ಮ ತಮ್ಮನ ಹೆಂಡತಿನೋ, ಪೊಲೀಸೋ?"

ಕೂತೆ.

ತಮ್ಮನ ಹೆಂಡತಿ ಮಗಳೊಂದಿಗೆ ನಮ್ಮ ಹಿಂದಿನ ಕೋಣೆಯಲ್ಲಿದ್ದಾಳೆ. ಪೇಟೆಯ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ. ಅವಳು ತಟ್ಟೆ ತಂದು ನನ್ನ ಮುಂದಿಟ್ಟಳು. "ಇನ್ನೊಂಚೂರು ಹಾಕ್ಲಾ ಭಾವ?" ಅಂದಳು. ಸಾಕು ಎಂದೆ. ಅಷ್ಟೇ ಮಾತು.

ಪುಟ್ಟಿ ನನ್ನ ತೊಡೆಯ ಮೇಲೆ ಬಂದು ಕೂತಳು. ಜೂನ್‌ಗೆ ಆರು ತುಂಬುತ್ತದೆ.

"ದೊಡ್ಡಪ್ಪ, ಈಗ ಬಾವಿಯೊಳಗೆ ಇರೋದನ್ನ ತಂತಿಲಿ ಎಳೀತೀರಂತೆ?"

"ಹೌದಮ್ಮ."

"ಎಷ್ಟು ಆಳದಿಂದ?"

"ಎರಡು ಕಿಲೋಮೀಟರು."

ಅವಳು ಸ್ವಲ್ಪ ಯೋಚಿಸಿದಳು. "ಮತ್ತೆ ಅಪ್ಪನ್ನ ಯಾಕೆ ಎಳೀಲಿಲ್ಲ?"

ತಮ್ಮ ಬಿದ್ದದ್ದು ಬಾವಿಯೊಳಕ್ಕೆ ಎಂದುಕೊಂಡಿದ್ದಾಳೆ. ಬಾವಿಯ ಹತ್ತಿರ ಬಿದ್ದ ಎಂದು ಯಾರೋ ಹೇಳಿದ್ದು ಅವಳೊಳಗೆ ಹಾಗೆ ಕೂತಿದೆ. ಹದಿನಾಲ್ಕು ತಿಂಗಳು. ನಾವು ಮೂವರು ದೊಡ್ಡವರಿದ್ದೇವೆ, ಯಾರೂ ಕೇಳಿ ನೋಡಿರಲಿಲ್ಲ. ತಮ್ಮನ ಹೆಂಡತಿ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ನೀರು ಬಹಳ ಹೊತ್ತು ಸುರಿಯಿತು.

೧೦ ಮಾರ್ಚ್, ಸೋಮವಾರ

ಮಧ್ಯಾಹ್ನ ಲಾರಿಯ ನೆರಳಲ್ಲಿ ಹಗ್ಗ ಬಂದು ಕೂತ. ಆ ದಿನ ಕೆಲಸದಲ್ಲಿದ್ದ ಐವರಲ್ಲಿ ಈ ಊರಲ್ಲಿ ಉಳಿದಿರುವುದು ನಾವಿಬ್ಬರೇ. ತಮ್ಮ ಬಿದ್ದ ಮೇಲೆ ಗೋಪುರ ಹತ್ತಿದವನು ಹಗ್ಗ.

"ಮೇಸ್ತ್ರಿ, ಇಂಜಿನಿಯರಮ್ಮನಿಗೆ ಏನಾದ್ರೂ ಹೇಳೋದಿದೆಯಾ?"

"ಏನಿದೆ ಹೇಳೋದಕ್ಕೆ?"

"ನಾನು ಮೇಲೆ ಒಂದು ಕೈಯಲ್ಲಿ ಕಂಬ ಅಪ್ಪಿಕೊಂಡು, ಇನ್ನೊಂದ್ರಲ್ಲಿ ಪೈಪಿನ ಕೊಂಡಿ ಬಿಚ್ತಿದ್ದೆ. ಮೊಲ ಬಿಡೋಕೆ ಮೂರನೇ ಕೈ ಬೇಕಿತ್ತು. ಅದೂ ಅಲ್ದೆ ಮೊಲ ಎಲ್ಲಿತ್ತು? ಅವನ ಜೊತೇಲೇ ಕೆಳಗೆ ಬಿದ್ದು ಕೆಸರಲ್ಲಿತ್ತು. ಯಾರಾದ್ರೂ ಮುಟ್ಟಿದ್ರಾ ಅದನ್ನ?"

ನಾನು ಊಟದ ಡಬ್ಬಿಯ ಮುಚ್ಚಳ ಹಾಕಿದೆ.

"ಬಡಿದ ಆ ಜೋಡೀನೂ ಹಾಗೇ ಇಳಿಸಿದ್ವಿ," ಅಂದ. "ನಾನು ಬಾಯಿ ಬಿಡಲ್ಲ. ನಿಮ್ಮ ಮುಖ ನೋಡಿಕೊಂಡು ಇಷ್ಟು ದಿನ ಸುಮ್ಮನಿದ್ದೀನಿ, ಮುಂದೂ ಇರ್ತೀನಿ. ಪಂಪು ಸಿಕ್ಕಾಕ್ಕೊಂಡ್ರೆ ತಂತಿ ಹರಿಯುತ್ತೆ. ರಿಗ್ಗು ಮತ್ತೆ ಎದ್ದು ನಿಲ್ಲುತ್ತೆ, ನಿಮ್ಮ ಹಿಡಿ ನಿಮಗೆ ವಾಪಸ್. ಆದ್ರೆ ಮೇಲಿನ ಹಲಗೆಗೆ ನನ್ನನ್ನ ಕರೀಬೇಡಿ."

ನಗುತ್ತಾ ಹೇಳಿದ. ಎದ್ದು ಹೋಗುವಾಗ ನಗು ಇರಲಿಲ್ಲ.

ಮೊಲದ ವಿಷಯ ಹೇಳಿಬಿಡಬಹುದು. ಪೈಪು ಪರೀಕ್ಷಿಸದೆ ಇಳಿಸಿದೆ ಎಂದರೆ ಒಂದು ನೋಟೀಸು ಬರಬಹುದು, ಅಷ್ಟೇ. ತೊಂದರೆ ಅದರಲ್ಲಿಲ್ಲ. ಮೊಲ ಬಿಟ್ಟರೆ ಒಂದು ಜೋಡಿಗೆ ಒಂಬತ್ತು ನಿಮಿಷ. ಬಿಡದಿದ್ದರೆ ಐದು. ಕೆಲಸ ಮತ್ತೆ ಶುರುವಾದದ್ದು ಹನ್ನೆರಡು ಹತ್ತಕ್ಕೆ. ಕೂಡುವುದು ಬಲ್ಲ ಯಾರಿಗಾದರೂ ಉಳಿದದ್ದು ತಿಳಿಯುತ್ತದೆ.

ಆಸ್ಪತ್ರೆ ಅಲ್ಲಿಂದ ಇಪ್ಪತ್ತೈದು ನಿಮಿಷದ ದಾರಿ.

೧೨ ಮಾರ್ಚ್, ಬುಧವಾರ

ಬೆಳಿಗ್ಗೆ ಆರಕ್ಕೆ ಕ್ರೇನು ನಿಂತಿತು. ಎಂಟೂ ಕಾಲಿಗೆ ತಂತಿ ಇಳಿಯಿತು. ಹತ್ತು ಇಪ್ಪತ್ತಕ್ಕೆ ಕೊಕ್ಕೆ ಪಂಪಿನ ತಲೆಯನ್ನು ಹಿಡಿಯಿತು. ಹಗ್ಗ ಎರಡು ಸಲ ಜಗ್ಗಿದ. ಮೂರನೆಯದಕ್ಕೆ ಪಂಪು ಕುಳಿತ ಜಾಗದಿಂದ ಬಿಟ್ಟುಕೊಂಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಲಾರಿಯ ಕೋಣೆಯಲ್ಲಿ ಆಳ ತೋರಿಸುವ ಕೆಂಪು ಅಂಕಿಗಳು ಇಳಿಯುತ್ತಾ ಬಂದವು. ಸಾವಿರದ ಒಂಬೈನೂರು. ಸಾವಿರದ ಐನೂರು. ಸದ್ದಿಲ್ಲ, ಕೂಗಿಲ್ಲ, ಮೇಲೆ ಯಾರೂ ಇಲ್ಲ. ಹೊರಗೆ ನೋಡಿದರೆ ಕ್ರೇನಿನ ತುದಿ, ಅದರಾಚೆ ಬರಿಯ ಆಕಾಶ. ಇಂಜಿನಿಯರ್ ಪರದೆಯ ಮೇಲೆ ತೂಕ ನೋಡುತ್ತಾ ಸೇಬು ತಿನ್ನುತ್ತಿದ್ದಳು. ಇಷ್ಟು ಸುಲಭದ ಕೆಲಸ.

ಸಾವಿರ ದಾಟಿದ ಮೇಲೆ ಹಗ್ಗ ನನ್ನ ಕಡೆ ತಿರುಗಿ ನೋಡಿದ. ಮತ್ತೆ ಅಂಕಿಗಳ ಕಡೆ ತಿರುಗಿಕೊಂಡ. ಒಂಬೈನೂರು. ಎಂಟುನೂರ ಐವತ್ತು.

ಎಂಟುನೂರ ಹನ್ನೆರಡಕ್ಕೆ ನಾನು ಹೇಳಿದೆ. "ನಿಲ್ಸು."

ಹಗ್ಗ ಆಗಲೇ ನಿಲ್ಲಿಸಿದ್ದ.

"ಏನಾಯ್ತು ಸರ್?" ಇಂಜಿನಿಯರ್ ಸೇಬು ಕೆಳಗಿಟ್ಟಳು.

"ಏಳುನೂರ ಅರವತ್ತರಿಂದ ಏಳುನೂರ ನಲವತ್ತರ ನಡುವೆ ಒಂದು ಜೋಡಿ ಬಾಗಿದೆ. ಗೋಪುರಕ್ಕೆ ಬಡಿದಿತ್ತು. ಅಲ್ಲಿಂದ ಮೇಲಿನ ಯಾವುದಕ್ಕೂ ಮೊಲ ಬಿಟ್ಟಿಲ್ಲ."

"ದಾಖಲೇಲಿ..."

"ಸುಳ್ಳು ಬರೆದೆ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಮುಖವನ್ನು ಒಂದು ಕ್ಷಣ ನೋಡಿ ಹಗ್ಗನಿಗೆ ಹೇಳಿದಳು, "ನಿಮಿಷಕ್ಕೆ ಒಂದು ಮೀಟರು. ತೂಕ ಇನ್ನೂರು ಕಿಲೋ ಏರಿದ್ರೆ ಬಿಟ್ಟುಬಿಡಿ, ಇಳಿಸಿ, ಮತ್ತೆ ಎಳೀರಿ."

ಏಳುನೂರ ಐವತ್ತಾರಕ್ಕೆ ತೂಕ ಏರಿತು. ಇಳಿಸಿದರು, ಎಳೆದರು. ಹತ್ತೊಂಬತ್ತು ಸಲ. ಅಷ್ಟು ಹೊತ್ತೂ ಯಾರೂ ಕೂರಲಿಲ್ಲ. ಇಪ್ಪತ್ತನೆಯ ಸಲಕ್ಕೆ ಪಂಪು ಗಂಟಲಲ್ಲಿ ಸಿಕ್ಕ ತುತ್ತಿನಂತೆ ಜಾರಿ ಮೇಲೆ ಬಂತು. ಮಧ್ಯಾಹ್ನ ಎರಡಕ್ಕೆ ಹೊರಗೆ ಬಂದಾಗ ಅದರ ಒಂದು ಮಗ್ಗುಲು ಅಂಗೈ ಅಗಲ ಉಜ್ಜಿಹೋಗಿ ಹೊಳೆಯುತ್ತಿತ್ತು.

ಮೊದಲಿನ ವೇಗದಲ್ಲಿ ಬಂದಿದ್ದರೆ ತಂತಿ ಹರಿಯುತ್ತಿತ್ತು ಎಂದು ಅವಳು ಹೇಳಿದಳು. ಹೊಸ ಪಂಪನ್ನು ಎರಡು ತುಂಡು ಮಾಡಿ, ಒಂದರ ಮೇಲೊಂದು ಇಳಿಸಿ ಒಳಗೇ ಸೇರಿಸುವುದಂತೆ. ರಿಗ್ಗು ಬೇಕಾಗಿಲ್ಲ.

೧೩ ಮಾರ್ಚ್, ಗುರುವಾರ

ಹೊಸ ಪಂಪು ಓಡುತ್ತಿದೆ.

ದಾಖಲೆ ತಿದ್ದುವುದಕ್ಕೆ ಒಂದು ಅರ್ಜಿಯಿದೆ. ಇಂಜಿನಿಯರ್ ಅದನ್ನು ನನ್ನ ಮುಂದಿಟ್ಟಳು. ಪಕ್ಕದಲ್ಲಿ ಹಳೆಯ ಪುಸ್ತಕ. ಅವಳು ಅಂಚಿನಲ್ಲಿ ಪೆನ್ಸಿಲಿನಿಂದ ಲೆಕ್ಕ ಮಾಡಿದ್ದಳು: ನಲವತ್ತನ್ನು ಐದರಿಂದ ಗುಣಿಸಿ, ಹನ್ನೆರಡು ಹತ್ತಕ್ಕೆ ಕೂಡಿ. ಉತ್ತರ ಬರೆದಿರಲಿಲ್ಲ.

"ಮೊಲದ ಸಾಲು ತಿದ್ದಿದ್ರೆ ನನಗೆ ಸಾಕು ಸರ್," ಅಂದಳು. "ಮುಗಿದ ಹೊತ್ತಿನ ಸಾಲನ್ನ ನಾನು ಕೇಳ್ತಿಲ್ಲ."

"ಇದರ ಪ್ರತಿ ಎಲ್ಲೆಲ್ಲಿಗೆ ಹೋಗುತ್ತೆ?"

"ವಿಚಾರಣೆ ಮುಗಿದಿರೋ ಪ್ರಕರಣ ಆದ್ರಿಂದ ಅವರಿಗೊಂದು. ಮತ್ತೆ," ಅವಳು ಅರ್ಜಿಯ ಕೆಳಗೆ ನೋಡಿದಳು, "ತೀರಿಕೊಂಡವರ ಮನೆಯವರಿಗೊಂದು. ಹತ್ತು ದಿನದಲ್ಲಿ."

ಅವಳು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು. ಎರಡೂ ಸಾಲನ್ನು ನಾನು ತಿದ್ದಿದೆ. ಮೊಲ ಬಿಡಲಿಲ್ಲ. ಕೆಲಸ ಮುಗಿಸಿದ್ದು ಮಧ್ಯಾಹ್ನ ಮೂರು ಮೂವತ್ತಕ್ಕೆ. ಸಹಿ ಮಾಡಿದೆ. ಅಕ್ಷರ ಚೆನ್ನಾಗಿ ಬರಲಿಲ್ಲ.

೧೫ ಮಾರ್ಚ್, ಶನಿವಾರ

ಕಾಗದ ಬರುವುದಕ್ಕೆ ಮೊದಲು ನನ್ನ ಬಾಯಿಂದ ತಿಳಿಯಲಿ ಎಂದು ಕನ್ನಡಕದ ಅಂಗಡಿಗೆ ಹೋದೆ. ಮನೆಯಲ್ಲಿ ಪುಟ್ಟಿ ಇರುತ್ತಾಳೆ. ಆ ಅಂಗಡಿಯ ಒಳಗೆ ನಾನು ಕಾಲಿಟ್ಟದ್ದು ಇದೇ ಮೊದಲು. ಹಿಂದಿನ ಕೋಣೆಯಲ್ಲಿ ಅವಳು ಒಂದು ಗಾಜನ್ನು ತಿರುಗುವ ಕಲ್ಲಿಗೆ ಹಿಡಿದಿದ್ದಳು. ಕಲ್ಲಿನ ಮೇಲೆ ಸಣ್ಣಗೆ ನೀರು ಬೀಳುತ್ತಿತ್ತು.

"ಭಾವ? ಮಗುಗೆ ಏನಾದ್ರೂ..."

"ಮಗು ಚೆನ್ನಾಗಿದಾಳೆ. ಆ ದಿನ ಕೆಲಸ ಆರು ಗಂಟೆವರೆಗೂ ನಡೀಲಿಲ್ಲಮ್ಮ. ಮೂರೂವರೆಗೆ ಮುಗಿದಿತ್ತು."

ಅವಳು ಯಂತ್ರ ನಿಲ್ಲಿಸಲಿಲ್ಲ. ಅಂಚನ್ನು ಉಜ್ಜಿ ಮುಗಿಸಿದಳು, ಗಾಜು ಒರೆಸಿದಳು, ಫ್ರೇಮನ್ನು ಬೆಚ್ಚಗೆ ಮಾಡಿ ಗಾಜನ್ನು ಒತ್ತಿ ಕೂರಿಸಿದಳು. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಮುದುಕಿಗೆ ಹಾಕಿ ಕಿವಿಯ ಹಿಂದೆ ಸರಿಮಾಡಿದಳು. "ಗೋಡೆ ಮೇಲಿನ ಕೊನೇ ಸಾಲು ಓದಿ ಅಜ್ಜಿ," ಅಂದಳು. ಅಜ್ಜಿ ಓದಿದರು. "ಇಷ್ಟು ದಿನ ನನ್ನ ಸೊಸೆ ಚೆಂದ ಇದಾಳೆ ಅನ್ಕೊಂಡಿದ್ದೆ, ಮನೆಗೆ ಹೋಗಿ ನೋಡ್ಬೇಕು," ಅಂದರು. ಅವಳು ನಕ್ಕಳು. ಅಜ್ಜಿ ಹೋದ ಮೇಲೆ ಬಾಗಿಲಿಗೆ ಊಟದ ಸಮಯ ಎನ್ನುವ ಹಲಗೆ ತಗುಲಿಸಿ ಬಂದು ನನ್ನೆದುರು ಕೂತಳು.

"ಹೇಳಿ ಭಾವ. ಮೂರೂವರೆಗೆ ಮುಗೀತು. ಆಮೇಲೆ?"

ಹೇಳಿದೆ. ಒಂದೊಂದು ನಿಮಿಷವನ್ನೂ ಹೇಳಿದೆ. ನಡುವೆ ಒಂದೇ ಸಲ ಕೇಳಿದಳು, "ಗಾಡಿ ಇರ್ಲಿಲ್ವಾ?"

"ಇತ್ತು."

"ಚಾಲಕ?"

"ಅವನೂ ಇದ್ದ."

ಮುಗಿದ ಮೇಲೆ ಬಹಳ ಹೊತ್ತು ಮೇಜಿನ ಮೇಲಿನ ಸಣ್ಣ ತಿರುಪುಗಳನ್ನು ಬೆರಳಲ್ಲಿ ಒಂದು ಕಡೆಗೆ ದೂಡುತ್ತಿದ್ದಳು. ಆಮೇಲೆ ತನ್ನ ಪಾಲಿನ ಹೊತ್ತನ್ನು ಹೇಳಿದಳು.

"ನಾಲ್ಕು ಗಂಟೆಗೆ ಎಚ್ಚರ ಬಂತು. ನೀರು ಕೇಳಿದ್ರು. ಕೊಡಬೇಡಿ ಅಂದಿದ್ರು, ಹತ್ತಿ ಒದ್ದೆ ಮಾಡಿ ತುಟಿಗೆ ಹಚ್ಚಿದೆ. ಬಾಗಿಲು ಸದ್ದಾದಾಗಲೆಲ್ಲ ಕಣ್ಣು ಬಿಡೋರು. ಒಂದ್ಸಲ ದಾದಿ, ಒಂದ್ಸಲ ಏಣಿ ಹೊತ್ಕೊಂಡು ದೀಪ ಬದಲಾಯಿಸೋನು. ಅವನ ಬೂಟಿನ ಸದ್ದಿಗೆ, ಅಣ್ಣ ಬಂದ್ನಾ ಅಂತ ಕೇಳಿದ್ರು. ನಾಲ್ಕೂ ನಲವತ್ತು. ನನ್ನೆದುರೇ ಗಡಿಯಾರ ಇತ್ತು."

ಅವಳು ಒಂದು ತಿರುಪನ್ನು ಹೆಕ್ಕಿ ಡಬ್ಬಿಗೆ ಹಾಕಿದಳು.

"ಹೂಂ, ಬಂದಿದಾರೆ ಅಂದೆ. ಹೊರಗೆ ಡಾಕ್ಟರ ಹತ್ರ ಮಾತಾಡ್ತಿದಾರೆ, ಈಗ ಬರ್ತಾರೆ ಅಂದೆ. ಸರಿ ಅಂತ ಕಣ್ಣು ಮುಚ್ಚಿದ್ರು. ಮತ್ತೆ ಬಾಗಿಲ ಕಡೆ ನೋಡ್ಲಿಲ್ಲ." ಅವಳ ದನಿ ಏರಲೂ ಇಲ್ಲ, ನಡುಗಲೂ ಇಲ್ಲ. "ಐದು ಇಪ್ಪತ್ತರವರೆಗೂ ನೀವು ಹೊರಗೆ ಡಾಕ್ಟರ ಹತ್ರ ಮಾತಾಡ್ತಾನೇ ಇದ್ರಿ ಭಾವ."

೧೬ ಮಾರ್ಚ್, ಭಾನುವಾರ

ಮನೆಯಲ್ಲೇ ಇದ್ದೆ. ತಮ್ಮನ ಹೆಂಡತಿ ಕೋಣೆಯಿಂದ ಹೊರಗೆ ಬರಲಿಲ್ಲ. ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಅತ್ತಳು. ಯಾರಿಗಾಗಿ ಎಂದು ತಿಳಿಯಲಿಲ್ಲ.

೧೭ ಮಾರ್ಚ್, ಸೋಮವಾರ

ಬೆಳಿಗ್ಗೆ ಅವಳು ಅಂಗಡಿಗೆ ಹೊರಡುವವರೆಗೂ ನಾನು ಕೆಲಸಕ್ಕೆ ಹೊರಟಿರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, ನನ್ನ ಕಡೆ ನೋಡದೆ ಹೇಳಿದಳು:

"ಪುಟ್ಟಿಗೆ ಅಪ್ಪ ಬಾವಿಯೊಳಗಿಲ್ಲ ಅಂತ ನಿನ್ನೆ ಹೇಳಿದೆ. ಮುಂದೆ ಉಳಿದಿದ್ದನ್ನೂ ಕೇಳ್ತಾಳೆ. ಆಗ ನಿಮಗೆ ಹೇಳೋ ಧೈರ್ಯ ಇರುತ್ತೋ ಇಲ್ವೋ, ನನಗೆ ಹೇಳೋ ಮನಸ್ಸಿರುತ್ತೋ ಇಲ್ವೋ. ನನ್ನ ಪಾಲಿನದನ್ನ ನಾನು ಬರೆದಿಡ್ತೀನಿ. ನಿಮ್ಮದನ್ನ ನೀವು ಬರೆದಿಡಿ. ಒಂದು ನಿಮಿಷಾನೂ ಬಿಡಬೇಡಿ."

ಕ್ಷಮಿಸಿದ್ದೇನೆ ಎಂದು ಅವಳು ಅನ್ನಲಿಲ್ಲ. ನಾನು ಕೇಳಲೂ ಇಲ್ಲ.

ಬರೆಯುತ್ತೇನೆ.

೩:೩೦. ಕೊನೆಯ ಜೋಡಿ ಇಳಿಸಿದೆ. ಬಾವಿ ಮುಚ್ಚಿದೆ. ಹಗ್ಗ ಗೋಪುರದಿಂದ ಇಳಿದು ಬೇಲಿಯ ಹತ್ತಿರ ಹೋಗಿ ವಾಂತಿ ಮಾಡಿಕೊಂಡ.

೩:೪೦. ಚಾಲಕ ಗಾಡಿ ತಂದು ನಿಲ್ಲಿಸಿದ. ಬಾಗಿಲು ತೆರೆದ. ಪೈಪು ಹಿಡಿಯುವ ಇಕ್ಕಳ ಒರೆಸುವುದಿದೆ ಎಂದೆ.

೩:೫೫. ಇಕ್ಕಳ ಒರೆಸಿದೆ. ಅದರಲ್ಲಿ ಒರೆಸುವುದೇನೂ ಇರಲಿಲ್ಲ, ಆಗಲೇ ಯಾರೋ ಒರೆಸಿದ್ದರು.

೪:೧೫. ಸಲಕರಣೆ ಎಣಿಸಿದೆ. ಒಂದು ಕಡಿಮೆ ಬಂತು. ಮತ್ತೆ ಎಣಿಸಿದೆ. ಯಾವುದು ಕಡಿಮೆ ಎಂದು ನನಗೆ ಗೊತ್ತಿತ್ತು.

೪:೪೦. ಚಾಲಕ ಬಂದು, ಹೋಗೋಣವಾ ಎಂದ. ನೀನು ಹೋಗು ಎಂದೆ. ಅವನು ಹೋಗಲಿಲ್ಲ. ಬೇರೆ ಯಾರೂ ಹೋಗಲಿಲ್ಲ. ನಾನು ಹೊರಡಲಿ ಎಂದು ಎಲ್ಲರೂ ಕಾಯುತ್ತಿದ್ದರು.

೫:೦೦. ದಾಖಲೆ ಪುಸ್ತಕ ತೆರೆದೆ. ಎಲ್ಲ ಜೋಡಿಗಳಿಗೂ ಮೊಲ ಬಿಡಲಾಗಿದೆ ಎಂದು ಬರೆದೆ. ಮೊಲ ಬಿಟ್ಟಿದ್ದರೆ ಎಷ್ಟು ಹೊತ್ತಾಗುತ್ತಿತ್ತು ಎಂದು ಲೆಕ್ಕ ಹಾಕಿ, ಕೆಲಸ ಮುಗಿದದ್ದು ಆರು ಹತ್ತಕ್ಕೆ ಎಂದು ಬರೆದೆ. ಬರೆದ ಮೇಲೆ ಅಲ್ಲಿಯವರೆಗೂ ಇರಲೇಬೇಕಾಯಿತು.

೫:೨೦. ಗಡಿಯಾರ ನೋಡಿದೆ. ಇನ್ನೂ ಐವತ್ತು ನಿಮಿಷ ಇತ್ತು.